ಹಿತ್ತಲ ಜಿಂಕೆಗೆ ಕೇಳಿಸದಂತೆ

ಈ ಸಂಗತಿಯನ್ನು ಯಾರಿಗೆ ಹೇಳಿದರೂ ನಾನು ಜಿಂಕೆ ಮರಿಯಿಂದ ಶುರು ಮಾಡುತ್ತಿದ್ದೆ. ಕೇಳುವವರ ಮುಖ ಮೆತ್ತಗಾಗುತ್ತಿತ್ತು. ಅಷ್ಟರಲ್ಲಿ ಅವರು ನನ್ನ ಕಡೆಯವರಾಗಿರುತ್ತಿದ್ದರು. ಮುಂದೆ ಏನು ಹೇಳಿದರೂ ಅರ್ಧ ಮಾಫಿ ಮೊದಲೇ ಸಿಕ್ಕಿರುತ್ತಿತ್ತು. ಅದು ನನ್ನ ಜಾಣತನ ಎಂದು ಗೊತ್ತಾಗಲು ನನಗೇ ಬಹಳ ವರ್ಷ ಬೇಕಾಯಿತು. ಆದ್ದರಿಂದ ಈ ಸಲ ಬೇರೆ ಕಡೆಯಿಂದ ಶುರು ಮಾಡುತ್ತೇನೆ. ನಾನು ಸಂಡೂರು ಗುಡ್ಡದ ಒಂದು ಅದಿರಿನ ಗಣಿಯಲ್ಲಿ ಬ್ಲಾಸ್ಟಿಂಗ್ ಫೋರ್‌ಮನ್ ಆಗಿದ್ದೆ. ಹನ್ನೊಂದು ದಿನ ಸೈರನ್ ಹಾಕದೆ ಗುಡ್ಡ ಸಿಡಿಸಿದೆ. ಹನ್ನೊಂದನೆಯ ದಿನ ಆಡು ಕಾಯುತ್ತಿದ್ದ ಒಬ್ಬ ಹೆಂಗಸಿನ ಕೈ ಮುರಿಯಿತು. ಸೈರನ್ ಆಗಿತ್ತು ಎಂದು ಅವಳಿಗೇ ಹೇಳಿದೆ.

ಇನ್ನು ಜಿಂಕೆಯ ವಿಷಯಕ್ಕೆ ಬರಬಹುದು.

ಅದು ಅದಿರಿಗೆ ಹುಚ್ಚು ಬೇಡಿಕೆ ಬಂದಿದ್ದ ಕಾಲ. ಲಾರಿಗಳ ಸಾಲು ಸಂಡೂರಿನಿಂದ ಪಾಪಿನಾಯಕನಹಳ್ಳಿ ದಾಟಿ ಹೊಸಪೇಟೆಯವರೆಗೂ ಕಡಿಯುತ್ತಿರಲಿಲ್ಲ. ರಸ್ತೆ ಬದಿಯ ಬೇವಿನ ಮರ, ಅಂಗಡಿಯ ತಗಡು, ನಾಯಿ, ಎಲ್ಲದರ ಬಣ್ಣವೂ ಒಂದೇ ಆಗಿತ್ತು. ನಮ್ಮ ಗಣಿಯಲ್ಲಿ ಮೊದಲು ವಾರಕ್ಕೆ ಎರಡು ಸಲ ಮಾಡುತ್ತಿದ್ದ ಬ್ಲಾಸ್ಟನ್ನು ದಿನಾ ಮಾಡಲು ಶುರು ಮಾಡಿದ್ದೆವು.

ಬ್ಲಾಸ್ಟ್ ಅಂದರೆ ಹೊರಗಿನವರಿಗೆ ಒಂದು ಸದ್ದು. ನಮಗೆ ಅದು ಬೆಳಗಿನಿಂದ ನಡೆಯುವ ಕೆಲಸ. ಗುಡ್ಡವನ್ನು ದೊಡ್ಡ ದೊಡ್ಡ ಮೆಟ್ಟಿಲುಗಳಾಗಿ ಕತ್ತರಿಸುತ್ತೇವೆ, ಒಂದೊಂದು ಮೆಟ್ಟಿಲಿಗೂ ಬೆಂಚ್ ಎನ್ನುತ್ತೇವೆ. ಡ್ರಿಲ್ಲಿನವರು ಬೆಂಚಿನ ಮೇಲೆ ಸಾಲಾಗಿ ತೂತು ಕೊರೆದಿಟ್ಟಿರುತ್ತಾರೆ. ನಾನು ಒಂದೊಂದು ತೂತಿಗೂ ಅಳತೆ ಕೋಲು ಇಳಿಸಿ ಆಳ ನೋಡಬೇಕು, ನೀರು ನಿಂತಿದೆಯೇ ನೋಡಬೇಕು. ಆಮೇಲೆ ಮದ್ದು ತುಂಬಿ, ಮೇಲೆ ಕೊರೆದ ಪುಡಿಯನ್ನೇ ಹಾಕಿ ಮರದ ಕೋಲಿನಿಂದ ಕುಕ್ಕಿ ಬಾಯಿ ಮುಚ್ಚಬೇಕು. ಮುಚ್ಚಿದ್ದು ಸಡಿಲವಾದರೆ ಕಲ್ಲು ಸಿಕ್ಕಸಿಕ್ಕಲ್ಲಿ ಹಾರುತ್ತದೆ. ಇಷ್ಟಾದ ಮೇಲೆ ಸೈರನ್. ಒಂದೂ ಕಾಲಿಗೆ ಮೊದಲನೆಯದು, ಉದ್ದಕ್ಕೆ. ಎಲ್ಲರೂ ದೂರ ಹೋಗಬೇಕು. ದಾರಿಗಳಲ್ಲಿ ಕೆಂಪು ಬಾವುಟ ಹಿಡಿದ ಕಾವಲಿನವರು ನಿಲ್ಲುತ್ತಾರೆ. ಒಂದೂವರೆಗೆ ಎರಡನೆಯದು, ತುಂಡು ತುಂಡಾಗಿ. ಆಮೇಲೆ ತಗಡಿನ ಗೂಡಿನೊಳಗೆ ಕೂತು ನಾನು ಮದ್ದು ಸಿಡಿಸುವ ಹ್ಯಾಂಡಲ್ ತಿರುಗಿಸುತ್ತೇನೆ. ಧೂಳು ಇಳಿದ ಮೇಲೆ ಬೆಂಚಿಗೆ ಹೋಗಿ, ಸಿಡಿಯದೆ ಉಳಿದದ್ದು ಇಲ್ಲವೆಂದು ಖಾತ್ರಿ ಮಾಡಿಕೊಂಡು ಮೂರನೆಯದು. ಅಲ್ಲಿಗೆ ಮುಗಿಯಿತು. ಈ ಮೂರರ ಹೊತ್ತನ್ನೂ ರಿಜಿಸ್ಟರಿನಲ್ಲಿ ಬರೆದು ಸಹಿ ಮಾಡುವವನು ನಾನು.

ನಮ್ಮ ಕ್ವಾರ್ಟರ್ಸ್ ಗಣಿಯ ಕೆಳಗೆ, ಗುಡ್ಡದ ಬುಡದಲ್ಲಿತ್ತು. ಹಿತ್ತಲಿಗೆ ತಂತಿ ಬೇಲಿ, ಅದರಾಚೆ ಸೀತಾಫಲದ ಗಿಡಗಳು, ಕಾರೆ, ಬಾರೆ, ಕುರುಚಲು ಕಾಡು. ಎಷ್ಟೊಂದು ಪ್ರಾಣಿ ಬರುತ್ತಿದ್ದವು! ನವಿಲುಗಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಲ್ಲುತ್ತಿದ್ದವು. ಬಚ್ಚಲ ನೀರು ಹೋಗುವ ತೂತಿನಲ್ಲಿ ಒಂದು ಉಡ ಸಂಸಾರ ಹೂಡಿತ್ತು. ಮುಳ್ಳುಹಂದಿ ನನ್ನ ಹೆಂಡತಿ ನೆಟ್ಟ ಗೆಣಸನ್ನೆಲ್ಲ ಬಗೆದು ತಿಂದು, ಬೆಲೆಯಾಗಿ ಎಂಬಂತೆ ಎರಡು ಮುಳ್ಳು ಬಿಟ್ಟು ಹೋಗಿತ್ತು. ಒಂದು ಸಂಜೆ ಕರಡಿಯೊಂದು ತೊಟ್ಟಿಯಲ್ಲಿ ನೀರು ಕುಡಿದು, ಬಾಗಿಲ ಕಡೆ ನೋಡಿ, ಸಾವಕಾಶವಾಗಿ ಹೋಯಿತು. ನಾನು ಇದನ್ನೆಲ್ಲ ಹೊಸಪೇಟೆಯ ನೆಂಟರಿಗೆ ಹೆಮ್ಮೆಯಿಂದ ಹೇಳುತ್ತಿದ್ದೆ, ಪ್ರಾಣಿಗಳು ನಮ್ಮನ್ನು ನಂಬಿದ್ದವು ಎನ್ನುವ ಹಾಗೆ. ಗುಡ್ಡದಲ್ಲಿ ನೀರು ಜಿನುಗುತ್ತಿದ್ದ ಒಂದೇ ಊಟೆಯ ಮೇಲೆ ನಾವು ಆ ವರ್ಷ ಮಣ್ಣು ಸುರಿದು ಮುಚ್ಚಿದ್ದೆವು. ಅವು ಬಂದದ್ದು ನೀರಿಗೆ. ಇದು ಆಗಲೂ ನನಗೆ ಗೊತ್ತಿತ್ತೇ? ಗೊತ್ತಿತ್ತು ಅಂದುಕೊಂಡರೆ ಒಂದು ತರಹ, ಇಲ್ಲ ಅಂದುಕೊಂಡರೆ ಇನ್ನೊಂದು ತರಹ. ಮಣ್ಣು ಸುರಿಯುವಾಗ ನಾನು ಅಲ್ಲೇ ನಿಂತಿದ್ದೆ ಎಂಬುದಷ್ಟು ಖರೆ.

ಬೇಸಿಗೆಯಲ್ಲಿ ಪೊದೆ ಸವರುತ್ತಿದ್ದ ಪೋಕ್ಲೇನ್ ಯಂತ್ರದ ಆಪರೇಟರ್ ಎರಡು ಚುಕ್ಕೆ ಜಿಂಕೆ ಮರಿಗಳನ್ನು ಗೋಣಿಚೀಲದಲ್ಲಿ ತಂದುಕೊಟ್ಟ. ತಾಯಿ ಓಡಿ ಹೋಗಿದೆ, ತಬ್ಬಲಿಗಳು ಅಂದ. ಆ ದಿನ ಮಳೆ ಹನಿಯುತ್ತಿತ್ತು, ಮರಿಗಳು ನಡುಗುತ್ತಿದ್ದವು ಎಂದು ಎಷ್ಟೋ ಜನಕ್ಕೆ ಹೇಳಿದ್ದೇನೆ. ಮಳೆಯೂ ಇರಲಿಲ್ಲ ಎಂಥದ್ದೂ ಇರಲಿಲ್ಲ, ಎಂದಿನ ಹಾಗೆ ಧೂಳಿತ್ತು ಅನ್ನುತ್ತಾಳೆ ನನ್ನ ಹೆಂಡತಿ. ಅವಳು ಕಂಪ್ಲಿಯ ಗದ್ದೆ ಸೀಮೆಯವಳು, ಇಲ್ಲದ ಮಳೆಯನ್ನು ಸೇರಿಸುವವಳಲ್ಲ. ಅವಳ ಮಾತನ್ನೇ ಇಟ್ಟುಕೊಳ್ಳುತ್ತೇನೆ.

ಎಮ್ಮೆ ಹಾಲು ಕುಡಿಸಿದೆವು. ಚಿಕ್ಕ ಮರಿಗೆ ಭೇದಿ ಹತ್ತಿ ನಾಲ್ಕನೆಯ ದಿನ ಸತ್ತಿತು. ಆವತ್ತೇ ಬೇಲಿಯಾಚೆ ಆಡು ಮೇಯಿಸುತ್ತಿದ್ದ ಹೆಂಗಸು ಒಳಗೆ ಬಂದು ನೋಡಿದಳು. ಕೆಳಗಿನ ಹಳ್ಳಿಯವಳು, ಐವತ್ತೈದರ ಆಸುಪಾಸು, ಹತ್ತು ಹನ್ನೆರಡು ಆಡು. ದಿನಾ ಆ ಇಳಿಜಾರಿನಲ್ಲೇ ಇರುತ್ತಿದ್ದಳು. ಇನ್ನೊಂದು ಮರಿಯ ಹೊಟ್ಟೆ ಮುಟ್ಟಿ, ಹಿಂದೆ ಮುಂದೆ ನೋಡಿ ಕೇಳಿದಳು.

"ಇದಕ್ಕ ತಾಯಿ ಇಲ್ಲಂತ ಯಾರಂದ್ರು?"

ನಾನು ಆಪರೇಟರ್ ಹೆಸರು ಹೇಳಿದೆ.

"ನಮ್ಮ ಆಡು ಈದರೂ ಮರೀನ ಪೊದ್ಯಾಗ ಕುಂದ್ರಿಸಿ ಮೇಯಾಕ ಹೋಗ್ತಾವ್ರೀ. ಹಂಗಂತ ಒಯ್ದು ಬಿಡೋದಾ? ಅದರವ್ವ ಅಲ್ಲೇ ಹುಡುಕಾಕ ಹತ್ತಿರ್ತೈತಿ."

ಮರಿಯನ್ನು ಹಿಂದಕ್ಕೆ ಬಿಡೋಣವೆಂದರೆ ಆ ಪೊದೆ ಇರಲಿಲ್ಲ. ಸವರಿ ಮಟ್ಟ ಮಾಡಿ ಅದರ ಮೇಲೆ ಎರಡು ದಿನದ ಮಣ್ಣು ಬಿದ್ದಿತ್ತು. ಅವಳು ಆಡುಗಳ ಕಡೆ ಹೋದಳು. ಮರುದಿನ ಬೆಳಿಗ್ಗೆ ತಂಬಿಗೆಯಲ್ಲಿ ಆಡಿನ ಹಾಲು ತಂದಳು. ನೀರು ಬೆರೆಸಿ ಸ್ವಲ್ಪ ಸ್ವಲ್ಪ ಕುಡಿಸಬೇಕು, ಕುಡಿಸಿದ ಮೇಲೆ ಒದ್ದೆ ಬಟ್ಟೆಯಿಂದ ಹಿಂಭಾಗ ಒರೆಸಬೇಕು, ತಾಯಿ ನೆಕ್ಕದಿದ್ದರೆ ಮರಿ ಉಚ್ಚೆ ಹೊಯ್ಯುವುದಿಲ್ಲ ಎಂದು ನನ್ನ ಹೆಂಡತಿಗೆ ತೋರಿಸಿಕೊಟ್ಟಳು. ಎರಡೂವರೆ ತಿಂಗಳು ದಿನಾ ಹಾಲು ತಂದಳು. ಮರಿ ಉಳಿದದ್ದು ಅವಳ ಹಾಲಿನಿಂದ.

ಮರಿಗೆ ಇದ್ದ ದೊಡ್ಡ ಗಂಡಾಂತರವೆಂದರೆ ನನ್ನ ಬ್ಲಾಸ್ಟ್. ಒಂದೂವರೆಗೆ ಗುಡ್ಡ ಗುಡುಗಿದ ಕೂಡಲೇ ಹುಚ್ಚು ಹಿಡಿದಂತೆ ಓಡಿ ತಂತಿಗೆ ಗುದ್ದುತ್ತಿತ್ತು. ಎರಡನೆಯ ಸಲ ಹಣೆ ಸೀಳಿತು. ಆಗ ನನಗೊಂದು ಉಪಾಯ ಹೊಳೆಯಿತು. ಮೊದಲ ಸೈರನ್ ಆಗುತ್ತಲೇ ಅಡಿಗೆಮನೆ ಬಾಗಿಲಲ್ಲಿ ಕೂತು ಬಾಟಲಿ ಬಾಯಿಗಿಡು, ಮೂರನೆಯದು ಆಗುವವರೆಗೆ ಬಿಡಬೇಡ ಎಂದು ಹೆಂಡತಿಗೆ ಹೇಳಿದೆ. ಚೀಪುತ್ತಿರುವಾಗ ಸದ್ದಾದರೆ ಓಡುವುದಿಲ್ಲ. ಅದು ಫಲಿಸಿತು. ಹತ್ತು ದಿನದಲ್ಲಿ ಸೈರನ್ ಕೇಳಿದರೆ ಸಾಕು, ಹಿತ್ತಲಿನ ಯಾವ ಮೂಲೆಯಲ್ಲಿದ್ದರೂ ಮರಿ ಬಾಗಿಲಿಗೆ ಹಾಜರಾಗುತ್ತಿತ್ತು. ಸುತ್ತ ಇನ್ನೂ ಮೂರು ಗಣಿಗಳಿದ್ದವು, ಅವುಗಳ ಸೈರನ್ನೂ ಆ ಹೊತ್ತಿಗೇ ಹೆಚ್ಚು ಕಡಿಮೆ ಆಗುತ್ತಿದ್ದವು. ಅವಕ್ಕೆ ಅದು ಕಿವಿ ಕೂಡ ತಿರುಗಿಸುತ್ತಿರಲಿಲ್ಲ. ನಮ್ಮದು ಸ್ವಲ್ಪ ಗಂಟಲು ಕಟ್ಟಿದ ಸೈರನ್. ಅದನ್ನಷ್ಟೇ ಗುರುತಿಸುತ್ತಿತ್ತು.

ನನಗೆ ಬಲು ಜಂಬ. ಗಣಿ ಮ್ಯಾನೇಜರನ್ನು ಒಂದು ದಿನ ಮನೆಗೆ ಊಟಕ್ಕೆ ಕಳಿಸಿ ಹೆಂಡತಿಯ ಕೈಯಲ್ಲಿ ಇದನ್ನು ತೋರಿಸಿದೆ. ಅವರು ತಮ್ಮ ಹೊಸ ಮೊಬೈಲಿನಲ್ಲಿ ಫೋಟೋ ತೆಗೆದರು. ಡ್ರಿಲ್ಲಿನವರು ಜಿಂಕೆಗೆ 'ಮೇಡಂ' ಎಂದು ಹೆಸರಿಟ್ಟರು. ಸೈರನ್ ಆಯಿತೆಂದರೆ "ಮೇಡಂ ಊಟಕ್ಕ ಹೊಂಟ್ರಲೇ" ಎಂದು ನಗುತ್ತಿದ್ದರು. ಹಾಲು ಬಿಟ್ಟ ಮೇಲೆ ಹೆಂಡತಿ ಆ ಹೊತ್ತಿಗೆ ಒಂದು ಚೂರು ಬೆಲ್ಲ, ಶೇಂಗಾ ಹಿಂಡಿ ಕೊಡುತ್ತಿದ್ದಳು. ಕಾಡಿನ ಪ್ರಾಣಿಗೆ ಸಿಡಿಮದ್ದಿನ ಸೈರನ್ ಕೇಳಿದರೆ ಬಾಯಲ್ಲಿ ನೀರು ಬರುವ ಹಾಗೆ ಮಾಡಿದ್ದೇನೆ ಎಂಬುದು ಒಂದು ಸಲಕ್ಕೂ ನನ್ನ ತಲೆಗೆ ಹೋಗಲಿಲ್ಲ. ಇಪ್ಪತ್ತು ವರ್ಷ ಸೈರನ್ ಹಾಕಿದ್ದ ಮನುಷ್ಯ ನಾನು.

ಚಳಿಗಾಲದಲ್ಲಿ ಗಣಿ ಲೀಸಿನ ಕಾಗದದ ಸಲುವಾಗಿ ಸರ್ಕಾರದ ತಪಾಸಣೆ ತಂಡ ಬರುವುದಿತ್ತು. ಗಣಿಯ ಜಾಗದಲ್ಲಿ ಕಾಡುಪ್ರಾಣಿ ಇಲ್ಲವೆಂದು ಫೈಲಿನಲ್ಲಿತ್ತು. ಮ್ಯಾನೇಜರು ನನ್ನನ್ನು ಕರೆದು, ತಂಡ ಬರುವಷ್ಟರಲ್ಲಿ ಜಿಂಕೆ ಕ್ವಾರ್ಟರ್ಸಿನಲ್ಲಿ ಇರಬಾರದು ಅಂದರು. ದರೋಜಿಯ ಕರಡಿ ಕಾಡಿನ ಕಡೆ ಬಿಟ್ಟು ಬರುತ್ತೇನೆ ಅಂದೆ. ರಸ್ತೆಯಲ್ಲಿ ಯಾರಾದರೂ ಹಿಡಿದರೆ ಕೇಸಾಗುತ್ತದೆ, ಗುಡ್ಡದ ಬೆನ್ನಿನಾಚೆ ಬಿಟ್ಟರೆ ಸಾಕು ಅಂದರು. ಹಾಗೇ ಮಾಡಿದೆವು. ಜೀಪಿನ ಹಿಂದೆ ಕಾಲು ಕಟ್ಟಿ ಮಲಗಿಸಿಕೊಂಡು ಹೋಗಿ ಬಿಟ್ಟಾಗ ಅದು ಹಿಂದೆ ತಿರುಗಿ ನೋಡಿತು ಎಂದು ಬರೆಯಲು ಕೈ ಹೋಗುತ್ತಿದೆ. ನೋಡಲಿಲ್ಲ. ಎದ್ದು ಮೈ ಕೊಡವಿ ಎಲೆ ತಿನ್ನತೊಡಗಿತು.

ಮೂರನೆಯ ದಿನ ಮೊದಲ ಸೈರನ್ನಿಗೆ ಬಂತು.

ಗುಡ್ಡದ ಬೆನ್ನಿನಿಂದ ನಮ್ಮ ಮನೆ ಬಾಗಿಲಿಗೆ ನೇರ ಗೆರೆ ಎಳೆದರೆ ಅದು ಗಣಿಯ ನಡು ಮಧ್ಯೆ ಹಾಯುತ್ತದೆ. ಮದ್ದು ತುಂಬಿದ ಬೆಂಚಿನ ಮೇಲೆಯೇ ಓಡಿ ಬಂತು. ಕಾವಲಿನವನು ಬಾವುಟ ಬೀಸಿ ಕೂಗಿದರೂ ನಿಲ್ಲದೆ ಕೆಳಗಿಳಿದು ಹಿತ್ತಲು ಸೇರಿತು. ಅದು ದಾಟುವ ತನಕ ತಡೆದು ಆಮೇಲೆ ಬ್ಲಾಸ್ಟ್ ಹೊಡೆದೆ. ಮನೆಗೆ ಬಂದು ನೋಡಿದರೆ ಹೆಂಡತಿ ಬೆಲ್ಲ ಕೊಡುತ್ತಿದ್ದಾಳೆ. ನಾನು ಸಿಟ್ಟಾದೆ. ಅವಳು, "ಬಾಗಲಕ್ಕ ಬಂದು ತಲಿ ಹಾಯಾಕ ಹತ್ತಿದ್ರ ಹೆಂಗ ಕೊಡದಂಗ ಇರ್ಲಿ? ಕಲಿಸಿದಾವ್ರು ನೀವ" ಅಂದಳು.

ಮರುದಿನದಿಂದ ಕೊಡಲಿಲ್ಲ. ಆದರೂ ಬಂತು. ಸಂಜೆ ತಾನೇ ಗುಡ್ಡ ಹತ್ತಿ ಹೋಗುವುದು, ಮಧ್ಯಾಹ್ನ ಒಂದೂ ಕಾಲಿಗೆ ಇಳಿಯುವುದು. ತಡೆದು ಹೊಡೆಯುವುದು ನನಗೆ ದಿನದ ಕೆಲಸವಾಯಿತು. ಎಂಟನೆಯ ದಿನವೋ ಒಂಬತ್ತನೆಯ ದಿನವೋ ಅದು ಬೆಂಚಿನ ಮೇಲೆ ನಿಂತುಬಿಟ್ಟಿತು. ತೂತಿನ ಬಾಯಲ್ಲಿ ಚೆಲ್ಲಿದ್ದ ಮದ್ದಿನ ಬಿಳಿ ಕಾಳುಗಳು ಉಪ್ಪುಪ್ಪಾಗಿರುತ್ತವೆ, ಅವನ್ನು ನೆಕ್ಕುತ್ತಿತ್ತು. ಅದು ವಿಷ. ತುಂಬಿದ ತೂತುಗಳ ನಡುವೆ ಓಡಿಸಲು ಯಾರನ್ನೂ ಕಳಿಸುವಂತಿಲ್ಲ. ನಾನೇ ಹೋಗಿ ಕಲ್ಲು ಬೀರಿ ಓಡಿಸಿದೆ. ಇಪ್ಪತ್ತೈದು ನಿಮಿಷ. ವಾಕಿಟಾಕಿಯಲ್ಲಿ ಮ್ಯಾನೇಜರು ಒಂದೇ ಸಮ ಕೇಳುತ್ತಿದ್ದರು.

"ಏನ್ರೀ, ಒಂದು ಜಿಂಕಿ ಸಲುವಾಗಿ ಅಷ್ಟೂ ಲಾರಿ ನಿಂದ್ರಿಸೀರೇನು? ನಾಳಿಂದ ಇದು ಆಗಬಾರದು. ಏನ್ ಮಾಡ್ತೀರೋ ಮಾಡ್ರಿ."

ಏನು ಮಾಡಬಹುದಿತ್ತು? ಅರಣ್ಯ ಇಲಾಖೆಗೆ ತಿಳಿಸಬಹುದಿತ್ತು. ಆಗ ಏಳು ತಿಂಗಳು ಜಿಂಕೆ ಸಾಕಿದ್ದು ಹೊರಬರುತ್ತಿತ್ತು, ನನ್ನ ಮೇಲೆ ಕೇಸು. ಬೇರೆ ಸದ್ದಿನ ಸೈರನ್ ತರಿಸಬಹುದಿತ್ತು. ಹೊಸಪೇಟೆಯಲ್ಲಿ ವಿಚಾರಿಸಿದೆ, ಮೂರು ವಾರ ಅಂದರು. ಮೂರು ವಾರ ತಡೆದುಕೊಳ್ಳಬಹುದಿತ್ತು, ಬೈಸಿಕೊಳ್ಳಬಹುದಿತ್ತು. ಇಷ್ಟೂ ದಾರಿಗಳು ನನಗೆ ಆಗಲೇ ಕಂಡಿದ್ದವು. ಈಗ ನೆನಪು ಮಾಡಿಕೊಂಡು ಜೋಡಿಸುತ್ತಿರುವುದಲ್ಲ. ರಿಜಿಸ್ಟರಿನ ಹಿಂದಿನ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆದು ನೋಡಿದ್ದೆ.

ನಾನು ಆರಿಸಿಕೊಂಡದ್ದು ಸೈರನ್ ಹಾಕದಿರುವುದನ್ನು. ಸೈರನ್ ಇಲ್ಲದಿದ್ದರೆ ಜಿಂಕೆ ಇಳಿಯುವುದಿಲ್ಲ. ಅದರ ಬದಲು ಸೀಟಿ, ಬಾವುಟ. ನಾಲ್ಕು ಜನ ಕಾವಲಿನವರನ್ನು ಆರು ಮಾಡಿದೆ. ಲಾರಿ ದಾರಿ, ಜೀಪು ದಾರಿ, ಆಫೀಸಿನ ದಾರಿ, ಮಣ್ಣು ಸುರಿಯುವ ದಾರಿ ಎಲ್ಲದಕ್ಕೂ ಜನ. ಅವರಲ್ಲಿ ಒಬ್ಬನೂ ಎದುರಾಡಲಿಲ್ಲ. ಮೇಡಮ್ಮಿಗೆ ನಿದ್ದೆ ಕೆಡಬಾರದಂತೆ ಎಂದು ನಕ್ಕರು. ಕೆಳಗಿನ ಇಳಿಜಾರಿನ ಆಡಿನ ದಾರಿಗೆ ಮಾತ್ರ ಯಾರನ್ನೂ ನಿಲ್ಲಿಸಲಿಲ್ಲ. ಅಲ್ಲಿ ಹಿಂದೆಯೂ ಯಾರನ್ನೂ ನಿಲ್ಲಿಸಿದವರಲ್ಲ. ಆ ದಾರಿಯನ್ನು ಇಷ್ಟು ವರ್ಷ ಕಾದದ್ದು ಸೈರನ್ನು. ಸೈರನ್ನನ್ನು ತೆಗೆದಾಗ ಅದು ಕಾಯುತ್ತಿದ್ದ ಜಾಗಗಳನ್ನು ಒಂದೊಂದಾಗಿ ನೆನಪು ಮಾಡಿಕೊಳ್ಳಬೇಕಿತ್ತು. ನಾನು ನಮ್ಮ ಜನ ಓಡಾಡುವ ದಾರಿಗಳನ್ನಷ್ಟೇ ನೆನಪು ಮಾಡಿಕೊಂಡೆ.

ಮೊದಲ ದಿನ ಹ್ಯಾಂಡಲ್ ತಿರುಗಿಸುವ ಮುಂಚೆ ಎರಡು ಸಲ ಹೊರಗೆ ಇಣುಕಿ ನೋಡಿದೆ. ಎರಡನೆಯ ದಿನ ಇಲ್ಲ. ಜಿಂಕೆ ಬರಲಿಲ್ಲ. ಮದ್ದು ಸಿಡಿದು, ಧೂಳು ಎದ್ದು, ಲಾರಿಗಳು ಹೊರಟವು. ರಿಜಿಸ್ಟರಿನಲ್ಲಿ ಮಾಮೂಲಿನಂತೆ ಬರೆದೆ: ಮೊದಲ ಸೈರನ್ ೧-೧೫, ಎರಡನೆಯದು ೧-೩೦, ಮೂರನೆಯದು ೧-೪೫. ಬರೆಯುವಾಗ ಸುಳ್ಳು ಬರೆಯುತ್ತಿದ್ದೇನೆ ಅನ್ನಿಸಲೇ ಇಲ್ಲ. ಆರನೆಯ ದಿನ ನಾನು ಖುಷಿಯಾಗಿದ್ದೆ. ಇದನ್ನು ಬರೆಯುವುದೇ ಕಷ್ಟ. ಒಂದು ಜೀವ ಉಳಿಸಿದೆ, ಕಂಪನಿಯವರಿಗೆ ಇಂಥದ್ದು ತಿಳಿಯುವುದಿಲ್ಲ, ನನ್ನಲ್ಲಿ ಏನೋ ಒಂದು ಮೃದುವಾದದ್ದು ಇದೆ ಎಂದುಕೊಳ್ಳುತ್ತ ಮಧ್ಯಾಹ್ನದ ಬುತ್ತಿ ಉಂಡೆ.

ಮನೆಯಲ್ಲಿ ಹೆಂಡತಿಗೆ ಸೈರನ್ನೇ ಗಡಿಯಾರ. ಅದು ಆಗುತ್ತಲೇ ಕಿಟಕಿ ಹಾಕಿ, ಒಣಹಾಕಿದ ಬಟ್ಟೆ ಒಳಗೆ ತರುತ್ತಿದ್ದಳು. ನಾಲ್ಕು ದಿನ ಬಟ್ಟೆಯೆಲ್ಲ ಕೆಂಪಾದ ಮೇಲೆ ಕೇಳಿದಳು. ರಿಪೇರಿಗೆ ಹೋಗಿದೆ ಅಂದೆ. ಅವಳು ನಂಬಲಿಲ್ಲ. ಆದರೆ ಮತ್ತೆ ಕೇಳಲೂ ಇಲ್ಲ, ನನ್ನ ಬಿಳಿ ಅಂಗಿಗಳನ್ನು ಒಳಗೆ ಹಗ್ಗ ಕಟ್ಟಿ ಒಣಗಿಸತೊಡಗಿದಳು.

ಹನ್ನೊಂದನೆಯ ದಿನ ಧೂಳು ಇಳಿಯುವ ಮುಂಚೆ ಕೆಳಗಿನಿಂದ ಆಡುಗಳ ಅರಚಾಟ ಕೇಳಿತು. ಓಡಿದೆ. ಇಳಿಜಾರಿನ ತಿರುವಿನಲ್ಲಿ ಅವಳು ಕೂತಿದ್ದಳು. ಬಲಗೈ ಮೊಣಕೈ ಕೆಳಗೆ ಬೇರೆ ದಿಕ್ಕಿಗೆ ತಿರುಗಿತ್ತು. ಒಂದು ಆಡು ಸತ್ತು ಬಿದ್ದಿತ್ತು. ತೆಂಗಿನಕಾಯಿಯಷ್ಟು ದಪ್ಪದ ಅದಿರಿನ ಕಲ್ಲು ಪಕ್ಕದಲ್ಲೇ ಇತ್ತು, ಇನ್ನೂ ಬೆಚ್ಚಗಿತ್ತು. ಅವಳು ಅಳುತ್ತಿರಲಿಲ್ಲ. ಉಳಿದ ಆಡುಗಳನ್ನು ಎಡಗೈ ಬೆರಳಿನಿಂದ ಎಣಿಸುತ್ತಿದ್ದಳು.

ನಾನೇ ಎತ್ತಿ ಜೀಪಿನಲ್ಲಿ ಕೂರಿಸಿಕೊಂಡು ಹೊಸಪೇಟೆಗೆ ಹೊರಟೆ. ಲಾರಿಗಳ ನಡುವೆ ಜೀಪು ತೆವಳುತ್ತಿತ್ತು. ಗುಂಡಿ ಸಿಕ್ಕಾಗಲೆಲ್ಲ ಅವಳ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಪಾಪಿನಾಯಕನಹಳ್ಳಿ ದಾಟಿದ ಮೇಲೆ, ನನ್ನ ಕಡೆ ನೋಡದೆ ಹೇಳಿದಳು.

"ಇವತ್ತೂ ನಿಮ್ಮ ಸೈರನ್ ಆಗ್ಲಿಲ್ಲಲ್ರೀ ಸಾಹೇಬ್ರ."

ಕೇಳಿದ್ದಲ್ಲ, ಹೇಳಿದ್ದು. ನಾನು ಸುಮ್ಮನಿರಬಹುದಿತ್ತು.

"ಆತವ್ವ. ನಿನಗ ಕೇಳ್ಸಿಲ್ಲ ಅಷ್ಟ" ಅಂದೆ.

ಈ ಮಾತನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮ್ಯಾನೇಜರು ಆಗಿನ್ನೂ ಬಂದಿರಲಿಲ್ಲ, ರಿಜಿಸ್ಟರನ್ನು ಯಾರೂ ತೆರೆದಿರಲಿಲ್ಲ. ತಾನಾಗಿಯೇ ಬಂತು, ಮೊದಲೇ ತಯಾರಾಗಿ ಬಾಯಲ್ಲಿ ಕೂತಿದ್ದ ಹಾಗೆ. ಅವಳು ನನ್ನನ್ನು ಒಮ್ಮೆ ನೋಡಿದಳು. ಆ ನೋಟದಲ್ಲಿ ಸಿಟ್ಟಿತ್ತು ಎಂದು ಕೆಲವು ಸಲ ನೆನಪಾಗುತ್ತದೆ. ನಿಜವಾಗಿ ಇದ್ದದ್ದು ಅನುಮಾನ, ನನ್ನ ಮೇಲಲ್ಲ, ತನ್ನ ಕಿವಿಗಳ ಮೇಲೆ.

ಮುಂದಿನದೆಲ್ಲ ಆ ಒಂದು ಮಾತಿನ ಮೇಲೆ ನಡೆಯಿತು. ರಿಜಿಸ್ಟರಿನಲ್ಲಿ ಹೊತ್ತು ಬರೆದಿತ್ತು. ಕಾವಲಿನವರು ಕೆಲಸ ಹೋದೀತೆಂದು ಬಾಯಿ ಬಿಡಲಿಲ್ಲ. ಹಳ್ಳಿಯವರನ್ನು ಕೇಳಿದರೆ, ಸೈರನ್ ಆಯಿತು, ನಾವೇ ಕೇಳಿದೆವು ಅಂದರು. ಅವರು ಸುಳ್ಳು ಹೇಳಲಿಲ್ಲ, ಪಕ್ಕದ ಗಣಿಯದು ಕೇಳಿದ್ದರು. ಹಳ್ಳಿಯಲ್ಲಿ ಕೂತವರಿಗೆ ಎಲ್ಲ ಸೈರನ್ನೂ ಒಂದೇ. ನಮ್ಮ ಮನೆಯವರನ್ನು ಬಿಟ್ಟರೆ, ನಮ್ಮ ಗಂಟಲು ಕಟ್ಟಿದ ಸೈರನ್ನನ್ನು ಬೇರೆ ಮಾಡಿ ಗುರುತಿಸಬಲ್ಲವರು ಇಬ್ಬರೇ: ಜಿಂಕೆ, ಅವಳು. ಸೈರನ್ ಹಾಕಲಾಗಿತ್ತು ಎಂದು ಮ್ಯಾನೇಜರು ಟೈಪು ಮಾಡಿಸಿದ ಹೇಳಿಕೆಗೆ ನಾನು ಸಹಿ ಮಾಡಿದೆ. ಅವರಿಗೆ ನಿಜ ಗೊತ್ತಿತ್ತೋ ಇಲ್ಲವೋ ಇವತ್ತಿಗೂ ತಿಳಿಯದು. ಗೊತ್ತಿತ್ತು ಎಂದುಕೊಂಡರೆ ನನ್ನ ಭಾರ ಸ್ವಲ್ಪ ಇಳಿಯುತ್ತದೆ, ಆದ್ದರಿಂದ ಹಾಗೆ ಅಂದುಕೊಳ್ಳಲು ನನಗೆ ಮನಸ್ಸಿಲ್ಲ.

ಮರುದಿನದಿಂದ ಸೈರನ್ ಹಾಕಿದೆ. ಗೂಡಿನ ಹೊರಗೇ ನಿಂತು ಗುಡ್ಡದ ಬೆನ್ನನ್ನು ನೋಡುತ್ತಿದ್ದೆ. ಜಿಂಕೆ ಆ ದಿನ ಬರಲಿಲ್ಲ, ಆಮೇಲೂ ಬರಲಿಲ್ಲ. ಹೊಸಪೇಟೆ ರಸ್ತೆಯಲ್ಲಿ ಲಾರಿಗೆ ಸಿಕ್ಕಿತು ಎಂದು ಒಬ್ಬ ಡ್ರೈವರ್ ಹೇಳಿದ. ಹಿಂಡಿನ ಜೊತೆ ನೋಡಿದೆ, ಹಣೆಯ ಗಾಯ ಗುರುತಿದೆ ಎಂದು ಡ್ರಿಲ್ಲಿನವನೊಬ್ಬ ಹೇಳಿದ. ಎರಡರಲ್ಲಿ ಒಂದನ್ನು ನಾನು ಆರಿಸಿಕೊಂಡಿಲ್ಲ.

ಇತ್ತ ಅವಳು ಕಿವುಡಿಯಾದಳು. ಹೇಗೆಂದರೆ, ಸೈರನ್ ಆಗಿದ್ದರೂ ಕೇಳಿಸದವರು ಕಿವುಡರೇ ಅಲ್ಲವೇ? ಹಳ್ಳಿಯ ಜನ ಅವಳ ಹತ್ತಿರ ಕೂಗಿ ಮಾತಾಡತೊಡಗಿದರು. ಮಗ ಮತ್ತು ಸೊಸೆ ಸೇರಿ ಆಡುಗಳನ್ನು ಮಾರಿದರು. ಕಿವಿ ಕೇಳಿಸದವಳನ್ನು ಗುಡ್ಡಕ್ಕೆ ಕಳಿಸುವುದು ಹೇಗೆ? ಇದು ನನಗೆ ತಿಳಿದದ್ದು ಹೆಂಡತಿಯಿಂದ. ಕೈ ನೋಡಿ ಬರಲು ಹೋಗಿದ್ದವಳು ಬಂದು ಅಡಿಗೆಮನೆಯಲ್ಲಿ ಪಾತ್ರೆಗಳನ್ನು ಜೋರಾಗಿ ಇಟ್ಟಳು. ಆಮೇಲೆ ಹೇಳಿದಳು: "ಆಕಿ ನನ್ನ ಕೇಳ್ತಾಳ್ರೀ, ಅಮ್ಮಾರ, ನಾ ಮಾತಾಡೋದು ನಿಮಗ ನೆಟ್ಟಗ ಕೇಳ್ತೈತೇನು ಅಂತ. ತನ್ನ ಕಿವಿ ಹೋಗೈತೋ ಮಂದಿ ಕಿವಿ ಹೋಗೈತೋ ಆಕಿಗೇ ತಿಳೀವಲ್ದು."

ಕಂಪನಿ ದೊಡ್ಡ ಮನಸ್ಸು ಮಾಡಿ ಅವಳಿಗೆ ಕಿವಿ ಮೆಷಿನ್ ತರಿಸಿತು. ಅದನ್ನು ಕೊಟ್ಟು ರಸೀದಿಗೆ ಹೆಬ್ಬೆಟ್ಟು ಹಾಕಿಸಿಕೊಂಡು ಬರುವ ಕೆಲಸ ನನಗೆ ಬಂತು. ಪರಿಚಯ ಇರುವವರು ನೀವೇ ಅಂದರು ಮ್ಯಾನೇಜರು.

ಇದಾದ ಮೇಲೆ ರಿಜಿಸ್ಟರನ್ನು ಯಾರು ನೋಡಿದರು, ನನ್ನ ಬ್ಲಾಸ್ಟಿಂಗ್ ಸರ್ಟಿಫಿಕೇಟ್ ಹೇಗೆ ಹೋಯಿತು ಎಂಬುದನ್ನು ಬಿಟ್ಟುಬಿಡುತ್ತೇನೆ. ಅದನ್ನು ಹೇಳಿದರೆ ಶಿಕ್ಷೆ ಆಯಿತಲ್ಲ ಎಂದು ಓದುವವರಿಗೆ ಸಮಾಧಾನವಾಗುತ್ತದೆ, ನನಗೂ ಆಗುತ್ತದೆ. ಅವಳ ಮನೆಯಲ್ಲಿ ನಡೆದದ್ದನ್ನು ಮಾತ್ರ ಹೇಳುತ್ತೇನೆ.

ಸಂಜೆ ನಾಲ್ಕರ ಹೊತ್ತು. ಅವಳು ಗೋಡೆಗೆ ಒರಗಿ ಕೂತಿದ್ದಳು, ಕೈಗೆ ಇನ್ನೂ ಪಟ್ಟಿ. ಸೊಸೆ ಚಾಪೆ ಹಾಸಿದಳು. ಬಾಗಿಲಲ್ಲಿ ಅಕ್ಕಪಕ್ಕದ ನಾಲ್ಕೈದು ಜನ ಮೆಷಿನ್ ನೋಡಲು ಬಂದು ನಿಂತಿದ್ದರು. ಸೊಸೆ ಅತ್ತೆಯ ಕಿವಿಯ ಹತ್ತಿರ ಬಾಗಿ ಕಿರುಚಿದಳು:

"ಅತ್ತೀ, ಕಂಪನಿ ಸಾಹೇಬ್ರು ಬಂದಾರ! ನಿನ್ನ ಕಿವಿಗೆ ಮೆಷಿನ್ ತಂದಾರ!"

ಅವಳ ಮುಖ ಸ್ವಲ್ಪ ಹಿಂದಕ್ಕೆ ಸರಿಯಿತು, ಸದ್ದು ಜೋರಾದಾಗ ಯಾರ ಮುಖವಾದರೂ ಸರಿಯುವ ಹಾಗೆ. ಬಾಗಿಲಲ್ಲಿದ್ದವರು ಇದನ್ನು ನೋಡಿದರೇ? ನೋಡಿರಬೇಕು. ಆದರೆ ಒಮ್ಮೆ ಕಿವುಡಿ ಎಂದು ಗೊತ್ತಾದ ಮೇಲೆ ಅದಕ್ಕೂ ಏನೋ ಒಂದು ಅರ್ಥ ಇರುತ್ತದೆ. ನಾನು ಡಬ್ಬಿ ತೆರೆದೆ. ಮೆಷಿನ್ನು ಶೇಂಗಾ ಕಾಯಿಯಷ್ಟಿತ್ತು. ಅವಳು ಅದನ್ನು ಎಡಗೈಯಲ್ಲಿ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಕಿವಿಗೆ ಇಟ್ಟುಕೊಳ್ಳಲು ಕೈ ಎತ್ತಿದಳು. ತಾನು ಕಿವುಡಿ ಎಂದು ಒಪ್ಪಿಕೊಂಡು ಕೈ ಎತ್ತಿದಳು. ಅದನ್ನು ನೋಡಲು ನನ್ನಿಂದ ಆಗಲಿಲ್ಲ.

ಧೈರ್ಯ ಬಂದು ಹೇಳಿದೆ ಎಂದು ಬರೆಯಲಾರೆ. ಧೈರ್ಯವಿದ್ದಿದ್ದರೆ ದನಿ ಅಷ್ಟು ಸಣ್ಣದಾಗುತ್ತಿರಲಿಲ್ಲ. ಅವಳ ಪಕ್ಕ ಬಾಗಿ, ಬಾಗಿಲಿನವರಿಗೆ ಕೇಳಿಸದ ಹಾಗೆ, ಬರೀ ಉಸಿರಿನಲ್ಲಿ ಹೇಳಿದೆ.

"ಅವ್ವಾ, ಆವತ್ತ ಸೈರನ್ ಹಾಕಿರ್ಲಿಲ್ಲ."

ಎತ್ತಿದ ಕೈ ಹಾಗೇ ನಿಂತಿತು. ಅವಳು ಮೆಷಿನ್ನನ್ನು ಡಬ್ಬಿಯೊಳಗೆ ವಾಪಸ್ಸಿಟ್ಟಳು.

"ನನಗ ಕೇಳಿಸ್ತು" ಅಂದಳು. "ಜೋರಾಗಿ ಹೇಳ್ರಿ. ಅವರಿಗೆ ಕೇಳಿಸ್ಬೇಕು."

ಎದ್ದು ನಿಂತು ಬಾಗಿಲ ಕಡೆ ತಿರುಗಿ ಹೇಳಿದೆ. ಮೊದಲ ಸಲ ಅರ್ಧವೇ ಬಂತು. ಹಿಂದೆ ನಿಂತಿದ್ದ ಮುದುಕರೊಬ್ಬರು, ಏನಂದ್ರಿ ಅಂದರು. ಮತ್ತೆ ಹೇಳಿದೆ. ಹನ್ನೊಂದು ದಿನ ಸೈರನ್ ಹಾಕಲಿಲ್ಲ, ಆಯಿತೆಂದು ಬರೆದದ್ದು ಸುಳ್ಳು, ಇವಳ ಕಿವಿ ಸರಿಯಾಗಿದೆ. ಸೊಸೆ ಕೇಳಿದಳು, ಯಾಕೆ ಹಾಕಲಿಲ್ಲ ಎಂದು. ಎಲ್ಲಕ್ಕಿಂತ ಕಷ್ಟವಾದದ್ದು ಇದು. ಲಾರಿ, ಮ್ಯಾನೇಜರು, ಲೀಸು, ಹೇಳಿಕೊಳ್ಳಲು ಏನೇನೋ ಇತ್ತು. ಜಿಂಕೆ ಬರಬಾರದೆಂದು ಅಂದೆ. ಆ ಮನೆಯಲ್ಲಿ, ಆ ಕೈಯ ಮುಂದೆ, ಆ ಮಾತು ಎಂಥ ಮಾತೆಂದು ನನಗೆ ಕೇಳಿಸಿತು.

"ನಮ್ಮ ಆಡಿನ ಹಾಲು ಕುಡಿದಿತ್ತಲ್ಲ, ಅದಾ?" ಅಂದಳು ಅವಳು.

ಹೌದು ಅಂದೆ.

"ಅದಕ್ಕ ಕೇಳಿಸ್ಬಾರದಂತ ನಮಗೂ ಕೇಳಿಸ್ಲಿಲ್ಲೇನು ಹಂಗಾದ್ರ."

ನಾನು ಡಬ್ಬಿ ಮುಚ್ಚಿದೆ. ರಸೀದಿ ಜೇಬಿನಲ್ಲೇ ಉಳಿಯಿತು. ಬಾಗಿಲಲ್ಲಿದ್ದವರು ಒಬ್ಬೊಬ್ಬರಾಗಿ ಹೋದರು. ಸೊಸೆ ಒಲೆಯ ಹತ್ತಿರ ಹೋಗಿ, ನಮ್ಮ ಕಡೆ ಬೆನ್ನು ಮಾಡಿ ನಿಂತಳು. ಆಮೇಲೆ ತಿರುಗದೆ, ಕೂಗದೆ, ಮನೆಯೊಳಗೆ ಮಾತಾಡುವ ಸಾದಾ ದನಿಯಲ್ಲಿ ಕೇಳಿದಳು.

"ಅತ್ತೀ, ಚಾ ಇಡ್ಲೇನು?"

"ನಿನಗ ಬೇಕಂದ್ರ ಇಡು" ಅಂದಳು ಅವಳು. "ಇವರು ಹೊಂಟಾರ."